ನಿದ್ದೆಯಲ್ಲಿದ್ದ ಲ್ಯಾಪ್‌ಟಾಪನ್ನು ಮುಟ್ಟಿದವನು

ಸುಜಾತಾ ಟೀಚರ್, ನಿಮ್ಮ ಎಂ.ಫಿಲ್ ಪ್ರಬಂಧದ ಮೂರನೆಯ ಮತ್ತು ನಾಲ್ಕನೆಯ ಅಧ್ಯಾಯಗಳನ್ನು ಹಾಳು ಮಾಡಿದವನು ನಾನು. ನಿಮ್ಮ ಅವಸರದಿಂದ ಆದದ್ದಲ್ಲ, ನಿಮ್ಮ ನಡುಗುವ ಬೆರಳಿನಿಂದಲೂ ಆದದ್ದಲ್ಲ. ನೀವು ಆ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ತಂದಿಟ್ಟ ಕಾಲು ಗಂಟೆಯೊಳಗೆ ನನಗೆ ಎಲ್ಲವೂ ತಿಳಿದುಹೋಗಿತ್ತು. ತಿಳಿದ ಮೇಲೂ – ಇಷ್ಟು ವರ್ಷ ಸುಮ್ಮನಿದ್ದೆ.

ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ನೆನಪಿಗೆ ತರುತ್ತಿರುವ ಸಂಚಿಕೆಗೆ ನೀವು ನನ್ನಿಂದ ಕೇಳಿದ್ದು ಬೇರೆಯೇ ಲೇಖನ. ‘ಆಗಿನ ನಮ್ಮ ಸಾಹಸ ಬರೀರಿ ಸರ್ರ, ಹುಡುಗರು ಓದಲಿ’ ಎಂದಿದ್ದಿರಿ. ನನಗೆ ಜಂಬ ಕೊಚ್ಚಲು ಯಾರೂ ಎರಡು ಸಲ ಕೇಳಬೇಕಾಗಿಲ್ಲ, ಅದು ಬ್ರಹ್ಮಪುರದ ನಮ್ಮ ಓಣಿಗೆಲ್ಲ ಗೊತ್ತು. ಅಂದೇ ಕೂತು ನಾಲ್ಕು ಪುಟ ಬರೆದೆ. ಓದಿ ನೋಡಿದರೆ ಎಲ್ಲವೂ ನಿಜ, ಒಂದು ಸುಳ್ಳೂ ಇಲ್ಲ – ಆದರೆ ಇಡೀ ಲೇಖನವೇ ಸುಳ್ಳು. ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ, ಓದುವ ಉಳಿದವರಿಗೆ ತಿಳಿಯಲೆಂದು. ಸಾಹಸವನ್ನೂ ಬಿಡುವುದಿಲ್ಲ. ಆ ಹೆಮ್ಮೆ ಸುಳ್ಳಲ್ಲ, ಅದನ್ನು ಬಿಟ್ಟುಕೊಡಲು ನನಗೆ ಈಗಲೂ ಮನಸ್ಸಿಲ್ಲ.

ಪೆನ್ ಡ್ರೈವನ್ನು ಜನ ತಾಳಿಯ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದ ಕಾಲ ಅದು. ಊರಿನ ಬೋರ್ಡುಗಳಲ್ಲಿ ಇನ್ನೂ ಗುಲಬರ್ಗಾ ಎಂದಿತ್ತು. ಸೇಡಂ ರಸ್ತೆಯಲ್ಲಿ ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ ನಾನು ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ಲಿನಕ್ಸ್ ಎಂಬ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ ವ್ಯವಸ್ಥೆಯ ಹುಚ್ಚು ಹಿಡಿದಿತ್ತು. ಊರಿನಲ್ಲಿ ಅದನ್ನು ಬಲ್ಲವನು ನಾನೊಬ್ಬನೇ ಎಂದು ಹೇಳಿಕೊಳ್ಳುತ್ತಿದ್ದೆ. ಇನ್ನೂ ನಾಲ್ಕೈದು ಮಂದಿ ಇದ್ದರು, ಇರಲಿ.

ನೀವು ಆಗ ಕಮಲಾಪುರದ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಿರಿ. ಊರು ಮಹಾಗಾಂವ. ಸುತ್ತಲಿನ ಹಳ್ಳಿಗಳ ತೆರೆದ ಬಾವಿಗಳಲ್ಲಿ ತಿಂಗಳು ತಿಂಗಳು ನೀರು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಹಗ್ಗ ಇಳಿಬಿಟ್ಟು ಅಳೆದು, ಅದರ ಮೇಲೆ ಪ್ರಬಂಧ ಬರೆಯುತ್ತಿದ್ದಿರಿ. ನಿಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ನೀವು. ನಿಮ್ಮ ಅಪ್ಪ ಬೇರೆಯವರ ಬಾವಿಗಳನ್ನು ತೋಡಿದವರು – ಕೆಲವು ಬಾವಿಗಳಿಂದ ಅವರಿಗೆ ನೀರು ಸೇದಲು ಬಿಡುತ್ತಿರಲಿಲ್ಲ ಎಂದು ಒಮ್ಮೆ ಹೇಳಿದ್ದಿರಿ. ಆ ಬಾವಿಗಳೂ ನಿಮ್ಮ ಪಟ್ಟಿಯಲ್ಲಿದ್ದವು.

ಬಟ್ಟೆಯ ಚೀಲದಲ್ಲಿ ಸುತ್ತಿ ತಂದಿದ್ದ ಆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟು ನೀವು ಹೇಳಿದ್ದು ಇನ್ನೂ ನೆನಪಿದೆ.

“ಸರ್ರ, ಕಮಲಾಪುರದಾಗ ಲೈಟ್ ಯಾವಾಗ ಹೋಗ್ತದ, ಯಾವಾಗ ಬರ್ತದ ಲೈನ್‌ಮನ್‌ಗೂ ಗೊತ್ತಿರಂಗಿಲ್ರಿ. ಇದರ ಬ್ಯಾಟರಿ ಸತ್ತದ. ಬರದದ್ದು ಬರದಂಗ ಇಟಗೊಂಡು ಮಲಗಬೇಕು, ಲೈಟ್ ಬಂದ ಮ್ಯಾಲ ಅಲ್ಲಿಂದs ಏಳಬೇಕು. ಹಂಗ ಮಾಡಿ ಕೊಡ್ತೀರೇನ್ರಿ?”

“ಒಂದು ಐತಾರ ಸಾಕು ಟೀಚರ್” ಅಂದೆ.

ಹದಿನಾಲ್ಕು ಭಾನುವಾರ ಹಿಡಿಯಿತು.

ಲ್ಯಾಪ್‌ಟಾಪಿಗೆ ಎರಡು ಬಗೆಯ ನಿದ್ದೆ ಇದೆ. ಒಂದು ಕೂತಲ್ಲೇ ತೂಕಡಿಸುವುದು: ಪರದೆ ಆರುತ್ತದೆ, ಆದರೆ ತೆರೆದಿಟ್ಟಿದ್ದೆಲ್ಲ ನೆನಪಿನಲ್ಲಿ ಉಳಿಯಲು ಒಂದಿಷ್ಟು ವಿದ್ಯುತ್ತು ಹರಿಯುತ್ತಲೇ ಇರಬೇಕು. ಇನ್ನೊಂದು ಗಾಢ ನಿದ್ದೆ: ನೆನಪಿನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು, ಪೂರ್ತಿ ಆರಿಹೋಗಿ, ಮತ್ತೆ ಎದ್ದಾಗ ಬಿಟ್ಟ ಅಕ್ಷರದಿಂದಲೇ ಶುರುಮಾಡುವುದು. ನಿಮ್ಮ ಬ್ಯಾಟರಿ ಒಂದು ಚಹಾ ಆರುವಷ್ಟು ಹೊತ್ತು ತಡೆಯುತ್ತಿತ್ತು. ನಿಮಗೆ ಬೇಕಿದ್ದುದು ಎರಡನೆಯದು. ಈಗಿನ ಮಕ್ಕಳಿಗೆ ಇದೊಂದು ಸಂಗತಿಯೇ ಅಲ್ಲ, ಮುಚ್ಚಳ ಮುಚ್ಚಿದರೆ ಆಯಿತು. ಆಗ ಲಿನಕ್ಸಿನಲ್ಲಿ ಲ್ಯಾಪ್‌ಟಾಪನ್ನು ಮಲಗಿಸುವುದು ಸುಲಭ, ಎಬ್ಬಿಸುವುದು ಮಾತ್ರ ಪುಣ್ಯವಂತರ ಪಾಲು. ದೊಡ್ಡ ದೊಡ್ಡ ಊರುಗಳ ಪಂಡಿತರೂ ‘ಈ ಮಾದರಿಯಲ್ಲಿ ಆಗುವುದಿಲ್ಲ’ ಎಂದು ಬರೆದು ಕೈ ತೊಳೆದುಕೊಂಡಿದ್ದರು.

ಮೊದಲು ಹಗುರ ನಿದ್ದೆಯಿಂದಲೇ ಶುರುಮಾಡಿದೆವು. ಮುಚ್ಚಿದೆವು, ಮಲಗಿತು. ತೆರೆದೆವು – ಪರದೆ ಕಪ್ಪು. ಗುಂಡಿ ಒತ್ತಿದೆ, ತಟ್ಟಿದೆ, ಬೈದೆ. ಮೂರು ಭಾನುವಾರ ಅದೇ ಹಾಡು. ನಾಲ್ಕನೆಯ ಭಾನುವಾರ ನಾನು ಸೋತು, “ಇದು ಸತ್ತಂಗs ಟೀಚರ್” ಎಂದು ಚಹಾ ಹೇಳಲು ಕೆಳಗಿಳಿದೆ. ಮೇಲೆ ಬಂದರೆ ನೀವು ಕೀಲಿಮಣೆಯ ಎಡಬದಿಯ ಕ್ಯಾಪ್ಸ್ ಲಾಕ್ ಗುಂಡಿಯನ್ನು ಒತ್ತುವುದು, ಬಿಡುವುದು ಮಾಡುತ್ತಿದ್ದಿರಿ. ಪ್ರತಿ ಒತ್ತಿಗೂ ಆ ಪುಟ್ಟ ಹಸಿರು ದೀಪ ಹತ್ತಿ ಆರುತ್ತಿತ್ತು.

“ಸರ್ರ, ಇದು ಎಚ್ಚರ ಅದಾರಿ. ಕಣ್ಣಷ್ಟ ತೆರೀವಲ್ದು.”

ಟೀಚರ್, ನಾನೂ ಆ ಗುಂಡಿ ಒತ್ತಿ ನೋಡಿದೆ. ಎಂಟು ವರ್ಷದಿಂದ ಕಂಪ್ಯೂಟರ್ ಬಿಚ್ಚುತ್ತಿದ್ದವನು ನಾನು, ಮೂರು ವಾರದಿಂದ ಸತ್ತದ್ದೆಂದು ಅಳುತ್ತಿದ್ದೆ. ನೀವು ನಾಡಿ ಹಿಡಿದು ನೋಡಿದಿರಿ. ಯಂತ್ರ ಎದ್ದಿದೆ ಎಂದಾದರೆ ಪರದೆಯೊಂದನ್ನು ಎಬ್ಬಿಸಿದರೆ ಸಾಕು. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಇದೆ ಎಂದು ಮೇಲಿಂಗ್ ಲಿಸ್ಟಿನಲ್ಲಿ – ಊರೂರಿನ ಜನ ಇಮೇಲ್ ಬರೆದು ಒಬ್ಬರ ತೊಡಕನ್ನು ಇನ್ನೊಬ್ಬರು ಬಿಡಿಸುವ ಕೂಟದಲ್ಲಿ – ಸಿಕ್ಕಿತು. ಟೆಲಿಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಅದು ಇಳಿಯುವಷ್ಟರಲ್ಲಿ ನೀವು ತಂದಿದ್ದ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಖಾಲಿಯಾಗಿತ್ತು.

ಮುಂದೆ ಗಾಢ ನಿದ್ದೆಯ ಸರದಿ. ಅಲ್ಲೂ ಮೊದಲ ತಪ್ಪು ನನ್ನದೇ. ನೆನಪಿನಲ್ಲಿದ್ದುದನ್ನು ಬರೆದಿಡಲು ಡಿಸ್ಕಿನಲ್ಲಿ ಜಾಗ ಬಿಡಬೇಕು. ನಾನು ಬಿಟ್ಟಿದ್ದ ಜಾಗ ಅರ್ಧಕ್ಕೂ ಸಾಲುತ್ತಿರಲಿಲ್ಲ, ಒಂದು ಚಾದರದಲ್ಲಿ ಇಡೀ ಮನೆಯನ್ನು ಗಂಟು ಕಟ್ಟಲು ಹೋದ ಹಾಗೆ. ಜಾಗ ಹೆಚ್ಚಿಸಿದೆ. ಆಗ ಮಲಗಿತು, ಆದರೆ ಎದ್ದಾಗ ಹಿಂದಿನದೆಲ್ಲ ಮರೆತು ಹೊಸದಾಗಿ ಶುರುವಾಯಿತು. ಬರೆದಿಟ್ಟದ್ದು ಎಲ್ಲಿದೆ ಎಂದು ಏಳುವಾಗಲೇ ಅದರ ಕಿವಿಯಲ್ಲಿ ಹೇಳಬೇಕಿತ್ತು, ಒಂದು ಸಾಲು ಸೇರಿಸಿದೆ. ಆಮೇಲೆ ಎದ್ದಿತು, ನೆನಪೂ ಉಳಿಯಿತು, ಆದರೆ ಹತ್ತರಲ್ಲಿ ಆರು ಸಲ ನಡುವೆಯೇ ಗಂಟಲು ಕಟ್ಟಿ ನಿಂತುಬಿಡುತ್ತಿತ್ತು. ಒಳಗಿನ ಯಾವುದೋ ಒಂದು ಭಾಗ ನಿದ್ದೆಗೆ ಒಪ್ಪುತ್ತಿರಲಿಲ್ಲ.

ನನ್ನ ಪದ್ಧತಿ ನಿಮಗೆ ಗೊತ್ತು. ನಾಲ್ಕು ಕಡೆ ಒಟ್ಟಿಗೇ ಕೈ ಹಾಕುವುದು. ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು, ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯದು. ನೀವು ಗೆರೆ ಹಾಕಿದ ನೋಟ್‌ಬುಕ್ ತೆಗೆದಿರಿ. ಬಾವಿಗಳಿಗೆ ಇಟ್ಟುಕೊಂಡಂಥದೇ ನೋಟ್‌ಬುಕ್. ಒಂದು ಸಾಲಿಗೆ ಒಂದೇ ಬದಲಾವಣೆ. ಯಾವುದನ್ನು ತೆಗೆದೆವು, ಮಲಗಿತೇ, ಎದ್ದಿತೇ. “ಒಂದೊಂದs ತೆಗೀರಿ ಸರ್ರ. ತೊಗರಿಬ್ಯಾಳ್ಯಾಗ ಕಲ್ಲು ಆರಿಸ್ದಂಗ” ಅಂದಿರಿ. ನನಗೆ ಸಿಟ್ಟು ಬರುತ್ತಿತ್ತು – ನನ್ನ ತರಗತಿಯಲ್ಲಿ ನನಗೇ ಪಾಠ! ಆದರೂ ನಿಮ್ಮ ಹಟ ಗೆದ್ದಿತು. ಅರವತ್ತು ಚಿಲ್ಲರೆ ಸಾಲುಗಳಾದ ಮೇಲೆ ಕಳ್ಳ ಸಿಕ್ಕ: ಪೆನ್ ಡ್ರೈವ್ ಚುಚ್ಚುವ ಕಿಂಡಿಗಳನ್ನು ನೋಡಿಕೊಳ್ಳುವ ಭಾಗ. ಮಲಗುವ ಮೊದಲು ಅದನ್ನು ಇಳಿಸಿ, ಎದ್ದ ಮೇಲೆ ಮತ್ತೆ ಏರಿಸುವ ಹಾಗೆ ಹತ್ತು ಸಾಲಿನ ಒಂದು ಆಜ್ಞೆಪಟ್ಟಿ ಬರೆದೆ.

ಮಂಗಳವಾರ ಮಧ್ಯಾಹ್ನ, ತರಗತಿ ತುಂಬಿತ್ತು, ನಿಮ್ಮ ಫೋನು ಬಂತು. ಕಮಲಾಪುರದಲ್ಲಿ ಲೈಟ್ ಹೋಗಿ, ನೀವು ಮಲಗಿಸಿ, ಎರಡು ತಾಸಿನ ಮೇಲೆ ಲೈಟ್ ಬಂದು – “ಎದ್ದದ ಸರ್ರ! ಅರ್ಧಕ್ಕ ಬಿಟ್ಟ ಸಾಲು ಹಂಗs ಅದಾರಿ!” ನಾನು ತರಗತಿಯ ಮಧ್ಯೆ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದೆ. ಔಷಧಿ ಅಂಗಡಿಯವರು ಏನಾಯಿತೆಂದು ಮೇಲೆ ಓಡಿಬಂದರು. ಅವತ್ತು ಮೇಲಿಂಗ್ ಲಿಸ್ಟಿಗೆ ನಾನು ಎಲ್ಲವನ್ನೂ ಬರೆದು ಹಾಕಿದೆ, ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ. ಎಲ್ಲಿಯದೋ ದೇಶದವನೊಬ್ಬ ತನ್ನ ಲ್ಯಾಪ್‌ಟಾಪೂ ಎದ್ದಿತೆಂದು ನಿಮ್ಮ ಹೆಸರು ಹಿಡಿದು ಧನ್ಯವಾದ ಹೇಳಿದ. ಮಹಾಗಾಂವದ ಸುಜಾತಾ ಹೇಳಿಕೊಟ್ಟ ಉಪಾಯದಿಂದ ಯಾರದೋ ಊರಿನಲ್ಲಿ ಒಂದು ಪರದೆ ಬೆಳಗಿತು. ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕನಾಗಿದ್ದೆ. ಅಷ್ಟಕ್ಕೇ ನಿಂತಿದ್ದರೆ…

ಒಂದು ನಿಯಮ ಇತ್ತು. ಅದನ್ನು ಮಾಡಿದವನು ನಾನೇ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಅಲ್ಲದೆ, ಕೊಂಡಾಗ ಬಂದಿದ್ದ ಹಳೆಯ ವ್ಯವಸ್ಥೆಯೂ ಇತ್ತು. ಹಳೆಯ ಕನ್ನಡ ಫಾಂಟುಗಳಲ್ಲಿ ಬರೆದ ಕಾಗದಪತ್ರ ತೆರೆಯಲು ಅದು ಬೇಕಾಗುತ್ತಿತ್ತು. ಎರಡಕ್ಕೂ ಸಮನಾಗಿ ಸಿಗಲೆಂದು ಡಿಸ್ಕಿನ ಒಂದು ಭಾಗವನ್ನು ಹಂಚಿಕೊಟ್ಟಿದ್ದೆ. ನಿಮ್ಮ ಅಧ್ಯಾಯಗಳಿದ್ದದ್ದು ಅಲ್ಲೇ. ಲಿನಕ್ಸ್ ಗಾಢ ನಿದ್ದೆಯಲ್ಲಿದ್ದಾಗ ಹಳೆಯ ವ್ಯವಸ್ಥೆಯನ್ನು ಎಬ್ಬಿಸಿ ಆ ಹಂಚಿದ ಜಾಗದಲ್ಲಿ ಏನನ್ನೂ ಬರೆಯಬಾರದು. ಮಲಗಿದವನು ತನ್ನ ಕೋಣೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ನೆನಪಿಟ್ಟುಕೊಂಡು ಮಲಗಿರುತ್ತಾನೆ. ನೀವು ಸಾಮಾನು ಸರಿಸಿದರೆ, ಎದ್ದವನು ಹಳೆಯ ನೆನಪಿನಲ್ಲೇ ಕೈಚಾಚಿ ಎಲ್ಲವನ್ನೂ ಉರುಳಿಸುತ್ತಾನೆ. ಇದನ್ನು ನಿಮಗೆ ಹತ್ತು ಸಲ ಹೇಳಿದ್ದೆ. ನೀವು ಒಂದು ಸಲವೂ ಮೀರಲಿಲ್ಲ.

ಪ್ರಾತ್ಯಕ್ಷಿಕೆಯ ಆಸೆ ನನ್ನದು. ಸೇಡಂ ರಸ್ತೆಯ ಒಂದು ಬಾಡಿಗೆ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ, ಊರಿನ ಉಪನ್ಯಾಸಕರನ್ನೂ ಕಾಲೇಜು ಮಕ್ಕಳನ್ನೂ ಕರೆದೆ. ಶನಿವಾರ ಸಂಜೆ ನೀವು ಲ್ಯಾಪ್‌ಟಾಪನ್ನು ಮಲಗಿಸಿಯೇ ತಂದುಕೊಟ್ಟಿರಿ. ನಾಲ್ಕನೆಯ ಅಧ್ಯಾಯ ತೆರೆದಂತೆಯೇ ಇತ್ತು, ಒಂದು ವಾಕ್ಯ ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದಿರಿ. ನಾಳೆ ಎಲ್ಲರೆದುರು ಅದು ಎದ್ದಾಗ ನೀವೇ ಆ ವಾಕ್ಯ ಮುಗಿಸುವುದು ಎಂದು ಇಬ್ಬರೂ ಸೇರಿ ಆಡಿಕೊಂಡ ನಾಟಕ.

ಭಾನುವಾರ ನಾನು ಬೇಗನೆ ಸಭಾಂಗಣಕ್ಕೆ ಹೋದೆ. ಬಾಗಿಲಲ್ಲಿ ಅಂಟಿಸಬೇಕಾದ ಹಾಳೆ ನೋಡಿದೆ. ಅದರಲ್ಲಿ ನನ್ನ ಹೆಸರು ಸಾದಾ ಇತ್ತು. ‘ಜಿಲ್ಲೆಯಲ್ಲೇ ಮೊದಲ ಬಾರಿಗೆ’ ಎಂಬ ಮಾತು ಇರಲಿಲ್ಲ. ಮನಸ್ಸಿಗೆ ಸಮಾಧಾನವಾಗಲಿಲ್ಲ. ನನ್ನ ತರಗತಿಯಲ್ಲಿ ಲೈಟ್ ಹೋಗಿತ್ತು, ಸಭಾಂಗಣದಲ್ಲಿ ಜನರೇಟರ್ ಇತ್ತು, ಕೈಯಲ್ಲಿ ಇದ್ದದ್ದು ನಿಮ್ಮ ಲ್ಯಾಪ್‌ಟಾಪ್ ಒಂದೇ. ಹಾಳೆಯ ಹಳೆಯ ಫಾಂಟು ಇದ್ದದ್ದು ಹಳೆಯ ವ್ಯವಸ್ಥೆಯಲ್ಲಿ. ಅದನ್ನು ಎಬ್ಬಿಸಿ, ಆ ಮಾತನ್ನೂ ನನ್ನ ಡಿಪ್ಲೊಮಾವನ್ನೂ ಸೇರಿಸಿ ಹಾಳೆಯನ್ನು ಹೊಸದಾಗಿ ಟೈಪ್ ಮಾಡಿದೆ.

ಮರೆತೆ ಎಂದು ಹೇಳಿಬಿಡಬಹುದಿತ್ತು. ಮರೆತಿರಲಿಲ್ಲ ಟೀಚರ್. ಹಂಚಿದ ಜಾಗದಲ್ಲಿ ಆ ಹಾಳೆಯನ್ನು ಉಳಿಸುವಾಗ ನಿಯಮ ನೆನಪಾಯಿತು. ಪೆನ್ ಡ್ರೈವ್ ನನ್ನ ಕೊರಳಲ್ಲೇ ಇತ್ತು, ನೇರ ಅದರಲ್ಲೇ ಉಳಿಸಬಹುದಿತ್ತು. ಆದರೆ ನಿಯಮ ಇರುವುದು ಕಲಿಯುವವರಿಗೆ, ನನಗೇನು – ಒಂದು ಸಣ್ಣ ಹಾಳೆ, ಅದರಿಂದ ಏನಾದೀತು… ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಉಳಿಸಿದೆ. ಪೆನ್ ಡ್ರೈವಿಗೆ ನಕಲು ಮಾಡಿ, ಅದೇ ಜನರೇಟರಿನಿಂದ ನಡೆಯುತ್ತಿದ್ದ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿದೆ. ಹಳೆಯ ವ್ಯವಸ್ಥೆಯನ್ನು ಆರಿಸಿ, ಏನೂ ಆಗದವನಂತೆ ಕೂತೆ. ನೀವು ಹತ್ತು ಗಂಟೆಯ ಬಸ್ಸಿಗೆ ಇಳಿದು ಬಂದಿರಿ, ಹಳದಿ ಸೀರೆ, ಕೈಯಲ್ಲಿ ಆ ನೋಟ್‌ಬುಕ್.

ಲ್ಯಾಪ್‌ಟಾಪ್ ಎಂದಿಗಿಂತ ಚೆನ್ನಾಗಿ ಎದ್ದಿತು. ದೊಡ್ಡ ಪರದೆಯ ಮೇಲೆ ನಿಮ್ಮ ಅರ್ಧ ವಾಕ್ಯ ಮೂಡಿದಾಗ ಸಭೆಯಲ್ಲಿ ಒಂದು ಉಸಿರೆಳೆದ ಸದ್ದು. ‘ಮಹಾಗಾಂವದ ಮೂರನೆಯ ಬಾವಿಯಲ್ಲಿ ನೀರು’ ಎಂಬಲ್ಲಿ ನಿಂತಿತ್ತು. ನೀವು ಮುಂದೆ ಬಂದು ಮಿಕ್ಕ ಮಾತು ಟೈಪ್ ಮಾಡಿದಿರಿ – ‘ಬೇಸಿಗೆಯಲ್ಲೂ ಕೈಗೆಟುಕುತ್ತದೆ’. ನಾನು ಠೀವಿಯಿಂದ ಹೇಳಿದೆ, “ಈಗ ಸೇವ್ ಒತ್ರಿ ಟೀಚರ್.”

ಒತ್ತಿದಿರಿ. ಚಪ್ಪಾಳೆ. ಆ ಚಪ್ಪಾಳೆ ನಡೆಯುತ್ತಿರುವಾಗಲೇ ಒಳಗೆ ಹಳೆಯ ನೆನಪಿನ ಕೈ ಎಲ್ಲವನ್ನೂ ಉರುಳಿಸುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆಯ ಗಳಿಗೆ ಮತ್ತೊಂದಿಲ್ಲ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ, ಆಮೇಲೆ ನಾಚಿಕೆಯಾಗುತ್ತದೆ, ಯಾವಾಗಲೂ ಅದೇ ಕ್ರಮದಲ್ಲಿ.

ಮಂಗಳವಾರ ನೀವು ಬಂದಿರಿ. ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ಇಟ್ಟು ತೆರೆದಿರಿ. ಮೂರನೆಯ, ನಾಲ್ಕನೆಯ ಅಧ್ಯಾಯಗಳ ಹೆಸರುಗಳೇ ವಿಚಿತ್ರ ಗುರುತುಗಳಾಗಿದ್ದವು. ಮೊದಲೆರಡರ ನಕಲು ನನ್ನ ತರಗತಿಯಲ್ಲಿತ್ತು, ಇವೆರಡು ಇದ್ದದ್ದು ಅಲ್ಲಿ ಮಾತ್ರ. ಸಾದಾ ಅಕ್ಷರಗಳ ಫೈಲಿನಲ್ಲೇ ಬರೆಯಿರಿ ಎಂಬ ನನ್ನ ಹಟದಿಂದ ಕೊನೆಗೆ ತೆರೆದಾದರೂ ನೋಡಬಹುದಿತ್ತು. ತೆರೆದೆ. ಬಾವಿಗಳ ಪಟ್ಟಿ ಬಂತು, ಹದಿನೇಳನೆಯ ಬಾವಿಗೆ ಕಡಿದುಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆ.

“ಇದೇನ್ರಿ ಸರ್ರ? ನನ್ನ ಹಳೀ ಫೈಲ್ ಯಾವುದರ ಇರಬೇಕು” ಎಂದಿರಿ.

ಹಳೆಯ ಫಾಂಟಿನ ಕನ್ನಡವನ್ನು ಲಿನಕ್ಸಿನಲ್ಲಿ ತೆರೆದರೆ ಹಾಗೆ ಕಾಣುತ್ತದೆ. ಆ ಫಾಂಟಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ್ದ ನನ್ನ ಬೆರಳುಗಳಿಗೆ ಆ ಗುಡ್ಡೆಯನ್ನು ಓದಲು ಬರುತ್ತಿತ್ತು. ಓದಿದೆ. ‘ಜಿಲ್ಲೆಯಲ್ಲೇ ಮೊದಲ ಬಾರಿಗೆ’. ಅದರ ಕೆಳಗೆ ನನ್ನ ಹೆಸರು, ನನ್ನ ಡಿಪ್ಲೊಮಾ. ನಿಮ್ಮ ಹದಿನೇಳನೆಯ ಬಾವಿಯ ಜಾಗದಲ್ಲಿ ನಾನು ಕೂತಿದ್ದೆ.

ನೀವು ಆ ಹೊತ್ತಿಗೇ ನಿಮ್ಮ ಮೇಲೆ ತೀರ್ಪು ಬರೆದುಕೊಂಡಾಗಿತ್ತು. “ನಾನs ಅವಸರ ಮಾಡಿದ್ನೇನ್ರಿ ಸರ್ರ? ಅಷ್ಟು ಮಂದಿ ಮುಂದ ಕೈ ನಡಗ್ಲಾಕತ್ತಿತ್ತು. ಸೇವ್ ಎರಡು ಸಲ ಒತ್ತಿದಂಗ ಆಯ್ತು. ನನ್ನಿಂದs ಆಗಿರಬೇಕು.”

ಬಾಯಿ ತೆರೆದರೆ ಸಾಕಿತ್ತು. ಅಲ್ಲ ಟೀಚರ್, ನಾನು – ಇಷ್ಟೇ. ನನ್ನ ಹಿಂದೆ ಆರು ವಿದ್ಯಾರ್ಥಿಗಳು ನಿಂತು ಕೇಳುತ್ತಿದ್ದರು. ಎರಡು ದಿನದ ಹಿಂದಿನ ಚಪ್ಪಾಳೆ ಕಿವಿಯಲ್ಲಿ ಇನ್ನೂ ಬಿಸಿ ಇತ್ತು.

“ಇರಬಹುದು ಟೀಚರ್” ಎಂದೆ. “ಇನ್ನ ಮುಂದ ಹುಷಾರಿಂದ ಮಾಡ್ರಿ.”

ಆ ಮಾತು ಎರಡು ಸೆಕೆಂಡಿನದು. ಆಮೇಲೆ ಮೂರು ದಿನ ಕೂತು, ಊಟ ತಿಂಡಿ ಮರೆತು, ಚದುರಿದ ತುಣುಕುಗಳನ್ನು ಹುಡುಕಿ ಮೂರನೆಯ ಅಧ್ಯಾಯದ ಅರ್ಧವನ್ನು ಉಳಿಸಿದೆ. ಆ ಕೆಲಸದ ನಡುವೆ ನನ್ನ ಹಾಳೆಯ ಫೈಲನ್ನು ಗುರುತು ಉಳಿಯದಂತೆ ಅಳಿಸಿದೆ. ನೀವು ಒಂದು ಗೊನೆ ಕೆಂಪು ಬಾಳೆ ತಂದು, “ನೀವು ಇದ್ರಿ ಅಂತ ಅರ್ಧರ ಉಳೀತ್ರಿ” ಎಂದು ಕೈಮುಗಿದಿರಿ. ಹಣ್ಣು ಮನೆಗೆ ಒಯ್ದೆ. ನಮ್ಮ ತಾಯಿ ಓಣಿಗೆಲ್ಲ ಹಂಚಿದರು.

ಅಷ್ಟಕ್ಕೆ ಮುಗಿದಿದ್ದರೆ ಒಂದು ಕೆಟ್ಟ ದಿನ ಎಂದುಕೊಳ್ಳಬಹುದಿತ್ತು. ಪ್ರಬಂಧಕ್ಕೆ ಹೆಚ್ಚಿನ ಅವಧಿ ಕೇಳಲು ನಿಮ್ಮ ಗೈಡ್, ಅಂದರೆ ಸಂಶೋಧನಾ ಮಾರ್ಗದರ್ಶಕರ ಹತ್ತಿರ ಹೋಗುವಾಗ ನನ್ನನ್ನೂ ಕರೆದೊಯ್ದಿರಿ, ಕಂಪ್ಯೂಟರ್ ಬಲ್ಲವರು ಹೇಳಿದರೆ ನಂಬುತ್ತಾರೆ ಎಂದು. ಅವರು ನಿಮ್ಮ ಮಾತೆಲ್ಲ ಕೇಳಿ, ನನ್ನ ಕಡೆ ತಿರುಗಿ, ನಮ್ಮ ಮನೆಗಳಲ್ಲಿ ಆಡುವ ಮರಾಠಿಯಲ್ಲಿ, ನನಗೊಬ್ಬನಿಗೇ ಎಂಬಂತೆ ಹೇಳಿದರು: ಯಂತ್ರ ಎಲ್ಲರ ಕೈಗೂ ಹೊಂದುವ ವಸ್ತುವಲ್ಲ, ಇವರಿಗೆ ಯಾಕೆ ಬೇಕಿತ್ತು ಎಂದು. ‘ಇವರು’ ಅಂದರೆ ಯಾರು ಎಂದು ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮಗೆ ಮರಾಠಿ ತಿಳಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನೀವು ಮೇಜಿನ ಅಂಚನ್ನು ನೋಡುತ್ತಾ ನಿಂತಿರಿ. ಕೈ ತಪ್ಪಿದ್ದು ಯಾರದು ಎಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ – ನಾನು ತಲೆ ಆಡಿಸಿದೆ. ಹೌದು ಎಂದೋ, ಬಿಡಿ ಎಂದೋ, ನನಗೇ ತಿಳಿಯದ ಹಾಗೆ ಆಡಿಸಿದೆ. ಅಧ್ಯಾಯ ಕೆಡಿಸಿದ್ದಕ್ಕಿಂತ ಅದು ದೊಡ್ಡ ತಪ್ಪು.

ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಬಸ್ಸು ಹತ್ತಿಸಿ ಬಂದೆ.

ಅವಧಿ ಸಿಕ್ಕಿತು. ಆದರೆ ಆ ವರ್ಷ ಕಾಲೇಜು ಉಪನ್ಯಾಸಕರ ಹುದ್ದೆಗೆ ಅರ್ಜಿ ಕರೆದಾಗ ನಿಮ್ಮ ಕೈಯಲ್ಲಿ ಪದವಿ ಇರಲಿಲ್ಲ. ಮುಂದಿನ ಸಲ ಕರೆಯುವಷ್ಟರಲ್ಲಿ ನಿಮ್ಮ ವಯಸ್ಸು ಮೀರಿತ್ತು. ನೀವು ಎರಡೂ ಅಧ್ಯಾಯಗಳನ್ನು ಬಾವಿಯ ನೋಟ್‌ಬುಕ್ಕುಗಳಿಂದ ಮತ್ತೆ ಬರೆದಿರಿ. ಮೊದಲಿಗಿಂತ ಚೆನ್ನಾಗಿಯೇ ಬರೆದಿರಿ, ನಾನು ಎರಡನ್ನೂ ಓದಿದ್ದೇನೆ. ಆದರೆ ಆ ಲ್ಯಾಪ್‌ಟಾಪನ್ನು ಮತ್ತೆ ಎಂದೂ ಮಲಗಿಸಲಿಲ್ಲ. ಹದಿನಾಲ್ಕು ಭಾನುವಾರ ಕಾದಾಡಿ ಗೆದ್ದ ನಿದ್ದೆ ಅದು. ಪ್ರತಿ ಸಲ ಎಲ್ಲ ಮುಚ್ಚಿ, ಮೂರು ಕಡೆ ನಕಲು ಮಾಡಿ, ಪೂರ್ತಿ ಆರಿಸುತ್ತಿದ್ದಿರಿ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ನನ್ನ ಕೈ ಮ್ಯಾಲ ನನಗs ಭರೋಸಾ ಇಲ್ರಿ” ಎಂದು ನಕ್ಕಿರಿ. ಅರವತ್ತು ಚಿಲ್ಲರೆ ಸಾಲು ಒಂದೂ ತಪ್ಪದೆ ಬರೆದ ಕೈ ಅದು.

ಕಳೆದ ತಿಂಗಳು ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ನನ್ನನ್ನು ಕರೆದು ಹಾರ ಹಾಕಿದಿರಿ. ಏನು ಕೋಣೆ ಅದು! ಪ್ರತಿ ಮಗುವಿನ ಪಕ್ಕದಲ್ಲೂ ಗೆರೆಯ ನೋಟ್‌ಬುಕ್, ಒಂದು ಸಾಲಿಗೆ ಒಂದೇ ಬದಲಾವಣೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹಳೆಯ ಯಂತ್ರವೊಂದರ ದೋಷ ಹುಡುಕುತ್ತಾ ನನಗೆ, “ಒಂದೊಂದs ನೋಡ್ಬೇಕ್ರಿ ಸರ್” ಎಂದು ಪಾಠ ಮಾಡಿದಳು. ನನ್ನ ತರಗತಿಯಲ್ಲಿ ಕಲಿತ ನೂರಾರು ಮಂದಿಯಲ್ಲಿ ಒಬ್ಬರಿಗೂ ನಾನು ಇದನ್ನು ಕಲಿಸಲಿಲ್ಲ, ಕಲಿಸಲು ನನಗೇ ಬರುತ್ತಿರಲಿಲ್ಲ. ಕಮಲಾಪುರದ ಆ ಮಕ್ಕಳನ್ನು ನೋಡಿ, ಟೀಚರ್, ನಿಮ್ಮ ಮೇಲೆ ಬಂದ ಹೆಮ್ಮೆಗೆ ನನ್ನ ಕಣ್ಣು ತುಂಬಿ ಬಂತು.

ಆಗ ನೀವು ಮಕ್ಕಳಿಗೆ ಹೇಳಿದಿರಿ. ಗೋಡೆಯ ಮೇಲಿನ ನಿಯಮಗಳ ಹಾಳೆ ತೋರಿಸಿ, ಮೊದಲನೆಯ ನಿಯಮ ಓದಿದಿರಿ. ‘ಅವಸರ ಮಾಡಬೇಡಿ. ನಿಮ್ಮ ಟೀಚರ್ ಒಮ್ಮೆ ಅವಸರ ಮಾಡಿ ಎರಡು ಅಧ್ಯಾಯ ಕಳೆದುಕೊಂಡಿದ್ದಾರೆ.’ ಆಮೇಲೆ ನನ್ನ ಕಡೆ ಕೈ ತೋರಿಸಿ, “ಈ ಸರ್ ಇದ್ರು ಅಂತ ಅರ್ಧರ ಉಳೀತು” ಅಂದಿರಿ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ನಿಮ್ಮ ಕೃತಜ್ಞತೆಯನ್ನು ಎರಡನೆಯ ಸಲ ಒಪ್ಪಿಕೊಂಡೆ.

ವರ್ಷ ವರ್ಷ ಹೊಸ ಮಕ್ಕಳು ಆ ಹಾಳೆ ಓದುತ್ತಾರೆ. ಅವರಲ್ಲಿ ನಿಮ್ಮ ಓಣಿಯವರೂ ಇದ್ದಾರೆ. ಯಂತ್ರ ಇವರ ಕೈಗೆ ಹೊಂದುವುದಿಲ್ಲ ಎಂದವರ ಮಾತನ್ನು ನೀವು ಮರಾಠಿಯಲ್ಲಿ ಕೇಳಿಸಿಕೊಂಡಿರಿ, ಈ ಮಕ್ಕಳು ಕನ್ನಡದಲ್ಲಿ ನಿಮ್ಮ ಕೈಬರಹದಲ್ಲೇ ಓದುತ್ತಿದ್ದಾರೆ. ಅದನ್ನು ನಿಮ್ಮಿಂದ ಬರೆಸಿದವನು ನಾನು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು, ನನಗೆ ಮತ್ತೆ ಸಲೀಸಾಗುತ್ತದೆ. ಆ ಗೈಡ್ ಈಗ ನಿವೃತ್ತರು, ಇದರ ಒಂದು ಪ್ರತಿಯನ್ನು ಅವರಿಗೂ ಕಳಿಸಿದ್ದೇನೆ. ಅವತ್ತು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರಲ್ಲಿ ವಿಳಾಸ ಸಿಕ್ಕವರಿಗೆಲ್ಲ ಕಳಿಸಿದ್ದೇನೆ. ಸಂಚಿಕೆಯ ಸಂಪಾದಕರು ನೀವು. ನನ್ನ ಮಾನ ಉಳಿಸಲೆಂದು ಇದರಲ್ಲಿ ಒಂದು ಸಾಲನ್ನೂ ತೆಗೆಯಬೇಡಿ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕಮಲಾಪುರಕ್ಕೆ ಬರುತ್ತೇನೆ. ಹಾರ ಬೇಡ, ಕುರ್ಚಿ ಬೇಡ. ಮಕ್ಕಳ ಮುಂದೆ ನಿಂತು ಆ ಮೊದಲ ನಿಯಮ ಸುಳ್ಳು ಎಂದು ಹೇಳುತ್ತೇನೆ. ಅವರ ಟೀಚರ್ ಅವಸರ ಮಾಡಿರಲಿಲ್ಲ, ಅವರ ಕೈ ಯಾವತ್ತೂ ತಪ್ಪಿರಲಿಲ್ಲ ಎಂದು, ಕೇಳಿದಷ್ಟು ಸಲ ಹೇಳುತ್ತೇನೆ.